ಪಾರ್ಸೆಲ್ಲಿನೊಳಗೆ ಬ್ಯಾಟರಿ ಇದ್ದರೆ ಮುಚ್ಚಿಡಬ್ಯಾಡ್ರಿ



ಶಿಗ್ಗಾವಿಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಅತ್ತೆಯವರು ದಿಲ್ಲಿಯಲ್ಲಿ ಮೈದುನನ ಮನೆಯಲ್ಲಿದ್ದಾರೆ. ಅವರ ಸಕ್ಕರೆ ನೋಡುವ ಯಂತ್ರ, ಬಿ.ಪಿ. ಯಂತ್ರ ಎರಡೂ ಇಲ್ಲೇ ಉಳಿದಾವ. ಬ್ಯಾಟರಿ ಐತಿ ಅಂತ ಪಾರ್ಸೆಲ್ ವಾಪಸ್ ಕೊಟ್ಟರು. ‘ಆಟದ ಸಾಮಾನು’ ಅಂತ ಬರೆದು ಕಳಿಸಲೇನು?”

ಬ್ಯಾಡ ತಂಗಿ. ನಿಮ್ಮ ಕಾಳಜಿ ದೊಡ್ಡದು, ಆದರೆ ಈ ಸುಳ್ಳು ಸಲ್ಲದು. ದೂರದೂರಿನ ಪಾರ್ಸೆಲ್ ವಿಮಾನ ಏರಬಹುದು. ಲಿಥಿಯಂ ಬ್ಯಾಟರಿಯ ಎರಡೂ ತುದಿಗೆ ಕೀಲಿಕೈಯಂಥ ಲೋಹ ತಾಗಿದರೆ ಅದು ಕಾದು ಬೆಂಕಿ ಹತ್ತಬಹುದು. ಒಂದರ ಕಾವು ಪಕ್ಕದ್ದಕ್ಕೂ ಹಬ್ಬುತ್ತದೆ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಹಾರುತ್ತಿರುವಾಗಲೇ ಬೆಂಕಿ ಬಿದ್ದು, ಅದರಲ್ಲಿದ್ದ ಇಬ್ಬರು ಪೈಲಟ್‌ಗಳೂ ತೀರಿಕೊಂಡರು. 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಹಿರೇಕೆರೂರಿರಲಿ, ಹಾನಗಲ್ಲಿರಲಿ, ಕೌಂಟರಿನವರು “ಒಳಗ ಏನೈತಿ?” ಅಂತ ಕೇಳುವುದು ಇದಕ್ಕೇ.

ಹಾಗಾದರೆ ಕಳಿಸುವುದು ಹೇಗೆ?

ಮೊದಲು ಯಾವ ಸೆಲ್ ಅಂತ ನೋಡ್ರಿ. ಮನೆಯ ಬಿ.ಪಿ. ಯಂತ್ರ ಬಹಳಷ್ಟು ಸಾದಾ ಪೆನ್ಸಿಲ್ ಸೆಲ್ಲಿನದು. ಸೆಲ್ ತೆಗೆದಿಟ್ಟು ಬರೇ ಯಂತ್ರ ಕಳಿಸ್ರಿ. ಸವಣೂರಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಸೆಲ್ ದಿಲ್ಲಿಯಲ್ಲಿ ಸಿಗದೇ?

ಸಕ್ಕರೆ ನೋಡುವ ಯಂತ್ರದಲ್ಲಿ ಸಾಮಾನ್ಯವಾಗಿ ನಾಣ್ಯದಂಥ ಸೆಲ್ ಇರುತ್ತದೆ. ಮೇಲೆ ‘ಸಿಆರ್ 2032’ ಅಂತಿದ್ದರೆ ಅದು ಲಿಥಿಯಂ. ಅದನ್ನು ಯಂತ್ರದೊಳಗೇ ಬಿಟ್ಟು, ಯಂತ್ರ ಬಂದ್ ಮಾಡಿ, ಮೆತ್ತನೆ ಅರಿವೆ ಸುತ್ತಿ ಗಟ್ಟಿ ಡಬ್ಬಿಯಲ್ಲಿಡ್ರಿ. ಬಿಡಿ ಸೆಲ್ ಜೊತೆಗಿಡಬ್ಯಾಡ್ರಿ. ಉಬ್ಬಿದ ಬ್ಯಾಟರಿಯನ್ನಂತೂ ಕಳಿಸಲೇಬಾರದು. ಒಳಗೇನಿದೆ ಎಂದು ಸ್ಪಷ್ಟವಾಗಿ ಹೇಳ್ರಿ. ಅವರು ಒಲ್ಲೆ ಅಂದರೆ, ರಸ್ತೆ ಮಾರ್ಗದಲ್ಲಿ ಒಯ್ಯುವವರನ್ನು ವಿಚಾರಿಸ್ರಿ.

ಪರಿಚಯದವರು ವಿಮಾನದಲ್ಲಿ ಹೊರಟಿದ್ದರೆ ಇನ್ನೂ ಸುಲಭ. ಬಿಡಿ ಲಿಥಿಯಂ ಸೆಲ್, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲ್ಲ. ಸೆಲ್ಲಿನ ತುದಿಗೆ ಟೇಪ್ ಹಚ್ಚಿರಲಿ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಮೀರಿದರೆ ವಿಮಾನದವರ ಅನುಮತಿ ಬೇಕು. ಲೆಕ್ಕ ಹೀಗೆ: 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್; ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74.

ಯಂತ್ರ ಮುಟ್ಟುವ ತನಕ ಅತ್ತೆಯವರ ತಪಾಸಣೆ ನಿಲ್ಲಬಾರದು. ಹತ್ತಿರದ ದವಾಖಾನೆಗೆ ಕರಕೊಂಡು ಹೋಗಿ ತೋರಿಸಲು ಮೈದುನನಿಗೆ ಇಂದೇ ಫೋನ್ ಮಾಡ್ರಿ.