ಜಾವಾನೋ ಪೈಥಾನೋ? ಜಗಳ ಬಿಡಿ, ಒಪ್ಪಂದ ಬರೆಯಿರಿ

ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಂತೆ ನಮ್ಮ ತರಗತಿಯಲ್ಲಿ ಒಂದೇ ವಾದ: ಜಾವಾ ಕಲಿಯಬೇಕೋ, ಪೈಥಾನ್ ಕಲಿಯಬೇಕೋ? ನಮ್ಮ ಮಿನಿ ಪ್ರಾಜೆಕ್ಟ್ ತಂಡ ಈ ವಾದದಲ್ಲೇ ಒಡೆದುಹೋಗುವುದಿತ್ತು. ನಾಲ್ವರಲ್ಲಿ ಇಬ್ಬರು ಜಾವಾ ಕಡೆ, ಇಬ್ಬರು ಪೈಥಾನ್ ಕಡೆ.

ಕೆಲಸ ಸರಳ. ಈರುಳ್ಳಿ ದರ ತಂದು ರೈತರ ಮೊಬೈಲಿಗೆ ಸಂದೇಶ ಕಳಿಸುವುದು. ರಜೆಯಲ್ಲಿ ನರೇಗಲ್‌ನ ನಮ್ಮ ಮನೆಯಲ್ಲಿ ಪರೀಕ್ಷೆ ಮಾಡುವಾಗ ಕರೆಂಟ್ ಹೋಯಿತು. ಬ್ಯಾಟರಿ ಸತ್ತ ನನ್ನ ಹಳೆಯ ಲ್ಯಾಪ್‌ಟಾಪೂ ನಿಂತಿತು. ಮತ್ತೆ ಶುರು ಮಾಡಿದರೆ ಪ್ರೋಗ್ರಾಂ ಮೊದಲಿನಿಂದ ಹೊರಟು ಎಲ್ಲರಿಗೂ ಎರಡೆರಡು ಸಂದೇಶ! 'ಒಂದ ಸಲ ಹೇಳಿದ್ರ ಸಾಕವಾ, ನನಗ ಓದಾಕ ಬರ್ತದ' ಎಂದು ಕಾಕಾ ನಕ್ಕರು.

ಆಗ ಸಿಕ್ಕಿದ್ದು ಟೆಂಪೊರಲ್ ಎಂಬ ವರ್ಕ್‌ಫ್ಲೋ ಫ್ರೇಮ್‌ವರ್ಕ್. ಉಬರ್‌ನಲ್ಲಿ ಹುಟ್ಟಿದ ಕೇಡೆನ್ಸ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶವಿದು. ಮುಗಿದ ಪ್ರತಿ ಹೆಜ್ಜೆಯನ್ನೂ ದಾಖಲಿಸಿಕೊಂಡು, ನಿಂತರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಹೆಜ್ಜೆ ಮಾತ್ರ ಮತ್ತೆ ನಡೆಯಬಹುದು. ಅದಕ್ಕಾಗಿ ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟೆವು. ಗೋ, ಜಾವಾ, ಪೈಥಾನ್, ಟೈಪ್‌ಸ್ಕ್ರಿಪ್ಟ್ ಎಲ್ಲದರಲ್ಲೂ ಇದನ್ನು ಬಳಸಬಹುದು. ಹಾಗಾಗಿ ಕೆಲಸದ ಕ್ರಮವನ್ನು ಜಾವಾದಲ್ಲೂ, ಸಂದೇಶ ಕಳಿಸುವ ಹೆಜ್ಜೆಯನ್ನು ಪೈಥಾನ್‌ನಲ್ಲೂ ಬರೆದೆವು.

ಆದರೂ ಓಡಲಿಲ್ಲ. ಅರ್ಧ ದಿನ ಪರಸ್ಪರರ ಭಾಷೆಯನ್ನು ಬೈದುಕೊಂಡ ಮೇಲೆ ತಪ್ಪು ಸಿಕ್ಕಿತು. ನಾವು ಹೆಸರು ಸೂಚಿಸದಿದ್ದರೆ ಜಾವಾ ಆ ಹೆಜ್ಜೆಯನ್ನು 'ಸೆಂಡ್‌ಮೆಸೇಜ್' ಎಂದು ಒಂದೇ ಪದವಾಗಿ ಹುಡುಕುತ್ತದೆ. ಪೈಥಾನ್‌ನಲ್ಲಿ ನಾವು ನಡುವೆ ಅಡಿಗೆರೆ ಹಾಕಿ ಬರೆದಿದ್ದೆವು. ತಪ್ಪು ಎರಡೂ ಭಾಷೆಗಳದ್ದಲ್ಲ, ಮಾತಾಡಿಕೊಳ್ಳದ ನಮ್ಮದು.

ಅಂದೇ ಒಂದು ಹಾಳೆಯಲ್ಲಿ ಪ್ರತಿ ಹೆಜ್ಜೆಯ ಹೆಸರು, ಒಳಹೋಗುವ ಮಾಹಿತಿ, ಹೊರಬರುವ ಮಾಹಿತಿ ಬರೆದು ನಾಲ್ವರೂ ಒಪ್ಪಿದೆವು. ಹಲವು ಭಾಷೆಗಳ ನಡುವೆ ಒಂದು ಫ್ರೇಮ್‌ವರ್ಕ್ ಅಳವಡಿಸುವುದೆಂದರೆ ನನ್ನ ಪ್ರಕಾರ ಈ ಹಾಳೆಯೇ. ಇನ್‌ಸ್ಟಾಲ್ ಮಾಡುವುದು ಹತ್ತು ನಿಮಿಷದ ಕೆಲಸ.

ಸಣ್ಣ ಪ್ರೋಗ್ರಾಂಗೆಲ್ಲ ಇದು ಬೇಕಿಲ್ಲ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬೇಡ. ಕೆಲಸ ಹುಡುಕುವ ಗೆಳೆಯರೇ, ಒಂದು ಭಾಷೆಯನ್ನು ಆಳವಾಗಿ ಕಲಿಯಿರಿ. ಜೊತೆಗೆ, ನಡುವೆ ನಿಂತರೆ ಏನಾಗುತ್ತದೆ, ಪಕ್ಕದವನ ಕೋಡ್‌ಗೆ ನನ್ನ ಕೋಡ್ ಏನು ಮಾತು ಕೊಟ್ಟಿದೆ ಎಂದು ಕೇಳಿಕೊಳ್ಳುವುದನ್ನೂ ಕಲಿಯಿರಿ. ನಾಳೆ ಕಂಪನಿ ಭಾಷೆ ಬದಲಿಸಿದರೂ ಈ ಎರಡು ಪ್ರಶ್ನೆ ಬದಲಾಗುವುದಿಲ್ಲ.

– ಬಿ.ಇ. ವಿದ್ಯಾರ್ಥಿನಿ, ನರೇಗಲ್