ಅಂಗಡಿಗೆ ಇಂಟರ್‌ನೆಟ್ ಫೋನ್: ಮೊದಲು ನಂಬರ್ ಯಾರದೆಂದು ಕೇಳಿ

ಡೊಂಬಿವಲಿಯಲ್ಲಿ ಕೇಟರಿಂಗ್ ನಡೆಸುವ ಓದುಗರೊಬ್ಬರು ಅಂಕಣಕ್ಕೆ ಬರೆದ ಪತ್ರದ ಸಾರಾಂಶ ಹೀಗಿದೆ: “ನಮ್ಮ ಅಡುಗೆಮನೆ ಡೊಂಬಿವಲಿಯಲ್ಲಿ, ಬುಕಿಂಗ್ ಆಫೀಸು ಮಾಟುಂಗದಲ್ಲಿ. ಲೆಕ್ಕಪತ್ರ ನೋಡುವವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಆರ್ಡರುಗಳೆಲ್ಲ ಬರುವುದು ಮ್ಯಾನೇಜರರ ಮೊಬೈಲಿಗೆ. ಈಗ ಅವರು ಸ್ವಂತವಾಗಿ ಶುರುಮಾಡುವ ಯೋಚನೆಯಲ್ಲಿದ್ದಾರೆ. ಇಂಟರ್‌ನೆಟ್ ಫೋನ್ ಹಾಕಿಸಿಕೊಳ್ಳಿ ಎಂದು ಎರಡು ಕಂಪನಿಯವರು ಬೆನ್ನುಬಿದ್ದಿದ್ದಾರೆ. ಯಾವುದನ್ನು ಆರಿಸಲಿ?”

ಮೇಲ್ನೋಟಕ್ಕೆ ಇದು ಫೋನಿನ ಪ್ರಶ್ನೆ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಅದರೊಳಗೇ ಇದೆ. ಹೊರನಾಡಿನಲ್ಲಿ ನಮ್ಮವರು ನಡೆಸುವ ಹೊಟೇಲು, ಕೇಟರಿಂಗ್, ಟ್ರಾವೆಲ್ಸ್‌ಗಳೆಲ್ಲ ಬಹುಮಟ್ಟಿಗೆ ಪರಿಚಯದ ಮೇಲೆ ನಡೆಯುವ ವ್ಯಾಪಾರ. ಮಗಳ ಮದುವೆಗೆ ಊಟ ಮಾಡಿಸಿಕೊಂಡವರು ಹತ್ತು ವರ್ಷದ ನಂತರ ಮಗನ ಮದುವೆಗೂ ಅದೇ ನಂಬರಿಗೆ ಫೋನ್ ಮಾಡುತ್ತಾರೆ. ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ, ಸಂಘದ ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ಅಚ್ಚಾಗಿರುವುದು ಅದೇ ಹತ್ತು ಅಂಕಿ. ಪಾತ್ರೆ, ವ್ಯಾನು, ಒಲೆ ಎಲ್ಲವನ್ನೂ ಮತ್ತೆ ಕೊಳ್ಳಬಹುದು. ಆ ನಂಬರನ್ನು ಕೊಳ್ಳಲಾಗದು.

ಆ ಸಿಮ್ ಮ್ಯಾನೇಜರರ ಹೆಸರಿನಲ್ಲಿದ್ದರೆ ನಂಬರೂ ಅವರದೇ. ಅವರು ಮೋಸ ಮಾಡಬೇಕೆಂದೇನೂ ಇಲ್ಲ. ಕೆಲಸ ಬಿಟ್ಟ ಮೇಲೂ ಬಂದ ಕರೆಗೆ “ಹೌದು, ನಾನೇ ಮಾಡಿಕೊಡುತ್ತೇನೆ” ಎಂದರೆ ಸಾಕು, ಇಪ್ಪತ್ತು ವರ್ಷದ ಗಿರಾಕಿಗಳು ಮಾತಿಲ್ಲದೆ ಆ ಕಡೆ ಹೋಗುತ್ತಾರೆ. ಆದ್ದರಿಂದ ಮೊದಲ ಕೆಲಸ ಇದು: ಸಂಬಂಧ ಚೆನ್ನಾಗಿರುವಾಗಲೇ ಕೂತು ಮಾತಾಡಿ, ಆ ಸಿಮ್ಮನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ. ಮೊಬೈಲ್ ಕಂಪನಿಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಈಗಿನ ಮಾಲೀಕರ ಒಪ್ಪಿಗೆ ಮತ್ತು ಗುರುತಿನ ದಾಖಲೆಗಳು ಬೇಕು. ಅವರ ಸ್ವಂತ ಬಳಕೆಗೆ ಹೊಸ ಸಿಮ್ಮಿನ ಖರ್ಚು ನೀವೇ ಕೊಡಿ, ಅದು ಮರ್ಯಾದೆ.

ಇನ್ನು ಹೊಸ ವ್ಯವಸ್ಥೆಯ ವಿಷಯ. ಇಂಟರ್‌ನೆಟ್ ಫೋನ್ ಎಂದರೆ ಮಾತನ್ನು ಸಣ್ಣ ಸಣ್ಣ ತುಣುಕಾಗಿಸಿ ಇಂಟರ್‌ನೆಟ್ ಮೂಲಕ ಕಳಿಸುವ ವ್ಯವಸ್ಥೆ. ಹಿಂದೆ ಆಫೀಸಿನ ಮೂಲೆಯಲ್ಲಿ ಇರುತ್ತಿದ್ದ ಇಂಟರ್‌ಕಾಮ್ ಪೆಟ್ಟಿಗೆಯ ಕೆಲಸವನ್ನು ಈಗ ಎಲ್ಲೋ ಇರುವ ಸರ್ವರ್ ಮಾಡುತ್ತದೆ. ಗಿರಾಕಿ ಒಂದೇ ನಂಬರಿಗೆ ಕರೆ ಮಾಡುತ್ತಾನೆ. ಮಾಟುಂಗದಲ್ಲಿ ಯಾರೂ ಎತ್ತದಿದ್ದರೆ ಅದು ಡೊಂಬಿವಲಿಯಲ್ಲಿ ರಿಂಗಾಗುತ್ತದೆ, ಅಲ್ಲಿಯೂ ಎತ್ತದಿದ್ದರೆ ನಿಮ್ಮ ಮೊಬೈಲಿನಲ್ಲಿ. ಯಾರು ಯಾವಾಗ ಕರೆ ಮಾಡಿದರು, ಯಾವ ಕರೆ ತಪ್ಪಿತು ಎಂಬುದೆಲ್ಲ ದಾಖಲಾಗುತ್ತದೆ. ಮೂರು ಕಡೆ ಹರಡಿರುವ ವ್ಯಾಪಾರಕ್ಕೆ ಇದು ನಿಜವಾಗಿಯೂ ಉಪಯೋಗಿ.

ದಾರಿಗಳು ಮುಖ್ಯವಾಗಿ ಎರಡು. ಒಂದು, ಎಲ್ಲವನ್ನೂ ಸೇವಾ ಕಂಪನಿಗೆ ಬಿಟ್ಟು ತಿಂಗಳ ಬಾಡಿಗೆ ಕಟ್ಟುವುದು. ಬೆಂಗಳೂರಿನ ಎಕ್ಸೋಟೆಲ್, ಹೈದರಾಬಾದಿನ ಓಝೋನ್‌ಟೆಲ್ ಈ ಬಗೆಯವು. ಇನ್ನೊಂದು, ಟೆಲಿಕಾಂ ಕಂಪನಿಯಿಂದ ‘ಸಿಪ್ ಟ್ರಂಕ್’ ಎಂಬ ಲೈನು ಪಡೆದು ನಮ್ಮದೇ ಕಂಪ್ಯೂಟರಿನಲ್ಲಿ ಎಕ್ಸ್‌ಚೇಂಜ್ ನಡೆಸುವುದು. ಇದಕ್ಕೆ 1999ರಲ್ಲಿ ಹುಟ್ಟಿದ ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶವಿದೆ. ತಂತ್ರಾಂಶ ಉಚಿತವಾದರೂ ನೋಡಿಕೊಳ್ಳುವವರು ಉಚಿತವಲ್ಲ. ಪಾಸ್‌ವರ್ಡ್ ಸಡಿಲವಾಗಿದ್ದರೆ ಕಳ್ಳರು ರಾತ್ರೋರಾತ್ರಿ ನಿಮ್ಮ ಲೈನಿನಿಂದ ವಿದೇಶಕ್ಕೆ ಕರೆ ಮಾಡಿ ಬಿಲ್ಲನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ಐಟಿ ನೋಡಿಕೊಳ್ಳಲು ಖಾಯಂ ಜನ ಇಲ್ಲದ ಸಣ್ಣ ಸಂಸ್ಥೆಗೆ ಮೊದಲನೆಯ ದಾರಿಯೇ ಸರಿ. ಯಾವುದನ್ನು ಆರಿಸಿದರೂ ವಿದೇಶಿ ಕರೆಯನ್ನು ಬಂದ್ ಮಾಡಿಸಿ.

ನಂಬರಿನ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ಸೇವಾ ಕಂಪನಿ ನಿಮಗೆ 022ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರನ್ನೋ 1800ರ ಟೋಲ್ ಫ್ರೀ ನಂಬರನ್ನೋ ಕೊಡಬಹುದು. ನಾಳೆ ಆ ಕಂಪನಿ ಬೇಡವೆನಿಸಿದರೆ ನಂಬರ್ ನಿಮ್ಮ ಜೊತೆ ಬರುತ್ತದೆಯೇ? ಮೊಬೈಲ್ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಸೌಲಭ್ಯ 2011ರ ಜನವರಿಯಲ್ಲಿ ದೇಶವ್ಯಾಪಿಯಾಯಿತು. 2015ರ ಜುಲೈಯಿಂದ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೂ ಒಯ್ಯಬಹುದು. ಲ್ಯಾಂಡ್‌ಲೈನ್ ನಂಬರಿಗೆ ನಮ್ಮಲ್ಲಿ ಈ ಸೌಲಭ್ಯ ಬಂದಿಲ್ಲ. ಹಾಗಾಗಿ ಬಾಡಿಗೆ ನಂಬರನ್ನು ಬೋರ್ಡಿಗೆ ಬರೆಸಬೇಡಿ. ಸಂಸ್ಥೆಯ ಹೆಸರಿನ ಹಳೆಯ ಮೊಬೈಲ್ ನಂಬರೇ ಹೊರಗೆ ಕಾಣಲಿ, ಅದರಿಂದ ಹೊಸ ವ್ಯವಸ್ಥೆಗೆ ಕರೆ ಫಾರ್ವರ್ಡ್ ಆಗಲಿ. ಕಂಪನಿ ಬದಲಾದರೆ ಫಾರ್ವರ್ಡ್ ಬದಲಿಸಿದರೆ ಮುಗಿಯಿತು, ಗಿರಾಕಿಗೆ ಗೊತ್ತೂ ಆಗುವುದಿಲ್ಲ.

ಎರಡನೆಯದು ಇಂಟರ್‌ನೆಟ್. “ನಮ್ಮಲ್ಲಿ 100 ಎಂಬಿಪಿಎಸ್ ಇದೆ, ಸಾಕಲ್ಲ?” ಎನ್ನುತ್ತಾರೆ. ಸಾಮಾನ್ಯ ಗುಣಮಟ್ಟದ ಒಂದು ಕರೆಗೆ ಬೇಕಾಗುವುದು ಪ್ರತಿ ದಿಕ್ಕಿಗೆ ಸುಮಾರು 90 ಕಿಲೋಬಿಟ್ ಅಷ್ಟೆ. ಹತ್ತು ಕರೆ ಒಟ್ಟಿಗೆ ನಡೆದರೂ ಒಂದು ಎಂಬಿಪಿಎಸ್ ದಾಟದು. ತೊಂದರೆ ಬರುವುದು ವೇಗದಿಂದಲ್ಲ, ಏರಿಳಿತದಿಂದ. ಮಾತು ಈ ತುದಿಯಿಂದ ಆ ತುದಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಒಳ್ಳೆಯದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದು ಮೀರುತ್ತ ಹೋದಂತೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಸಿಸಿಟಿವಿ ಕ್ಯಾಮೆರಾಗಳು ವಿಡಿಯೋವನ್ನು ಒಂದೇ ಸಮನೆ ಮೇಲಕ್ಕೆ ಕಳಿಸುತ್ತಿದ್ದರೆ ಫೋನಿನ ದನಿ ಕತ್ತರಿಸಿದಂತೆ ಕೇಳುತ್ತದೆ. ಮಾತಿಗೆ ಮೊದಲ ಆದ್ಯತೆ ಸಿಗುವಂತೆ ರೂಟರಿನಲ್ಲಿ ಹೊಂದಿಸಲು ಹೇಳಿ. ಕೌಂಟರಿನ ಫೋನಿಗೆ ವೈಫೈ ಬದಲು ಕೇಬಲ್ ಹಾಕಿಸಿ.

ಮೂರನೆಯದು ಕರೆಂಟು. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯ ದೀಪ ಆರಿದರೂ ಫೋನ್ ನಡೆಯುತ್ತಿತ್ತು. ಫೈಬರಿನಲ್ಲಿ ಆ ಅನುಕೂಲವಿಲ್ಲ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬಯಿಯ ಬಹುಭಾಗದಲ್ಲಿ ಗಂಟೆಗಟ್ಟಲೆ ಕರೆಂಟಿರಲಿಲ್ಲ ಎಂಬುದು ನೆನಪಿರಬಹುದು. ಮೋಡೆಮಿಗೂ ರೂಟರಿಗೂ ಒಂದು ಸಣ್ಣ ಯುಪಿಎಸ್ ಇಡಿ. ಇಂಟರ್‌ನೆಟ್ ಬಿದ್ದಾಗ ಕರೆ ತಾನಾಗಿ ಮೊಬೈಲಿಗೆ ಹೋಗುವಂತೆ ಮಾಡಿಸಿ. ಗ್ಯಾಸ್ ಸಿಲಿಂಡರ್ ಇರುವ ಅಡುಗೆಮನೆಯಲ್ಲಿ 112ಕ್ಕೆ ಕರೆ ಮಾಡಲು ಸಾಮಾನ್ಯ ಮೊಬೈಲೊಂದು ಯಾವಾಗಲೂ ಚಾರ್ಜಾಗಿ ಇರಲಿ. ಎಲ್ಲಿಂದಲೋ ಹಾದು ಹೋಗುವ ಇಂಟರ್‌ನೆಟ್ ಕರೆಯನ್ನು ಅಂಥ ಹೊತ್ತಿನಲ್ಲಿ ನಂಬಿ ಕೂರಬಾರದು.

ನಾಲ್ಕನೆಯದು ಕಾನೂನು. ಇಂಟರ್‌ನೆಟ್ ಕರೆಯನ್ನು ಸಾಮಾನ್ಯ ಫೋನ್ ಜಾಲಕ್ಕೆ ಜೋಡಿಸಲು ಭಾರತದಲ್ಲಿ ಸರಕಾರದ ಪರವಾನಗಿ ಬೇಕು. ಪೆಟ್ಟಿಗೆಯೊಂದಕ್ಕೆ ಹತ್ತಾರು ಸಿಮ್ ತುಂಬಿ “ಅರ್ಧ ದರಕ್ಕೆ ಕೊಡುತ್ತೇವೆ” ಎನ್ನುವವರು ಬಂದರೆ ಬಾಗಿಲಿನಿಂದಲೇ ಕಳಿಸಿ. ಅದು ಅಪರಾಧ, ಪೊಲೀಸರು ಮೊದಲು ಬರುವುದು ಪೆಟ್ಟಿಗೆ ಇರುವ ಜಾಗಕ್ಕೆ. ಹಬ್ಬದ ರಿಯಾಯಿತಿ ತಿಳಿಸಲು ಗಿರಾಕಿಗಳಿಗೆಲ್ಲ ಸಾಲಾಗಿ ಫೋನ್ ಮಾಡುವುದೂ ಬೇಡ. ಪ್ರಚಾರದ ಕರೆಗೆ ನೋಂದಣಿಯಾಗಬೇಕು, 140ರಿಂದ ಶುರುವಾಗುವ ನಂಬರೇ ಬೇಕು. ಮಾಮೂಲು ನಂಬರಿನಿಂದ ಮಾಡಿ ಯಾರಾದರೂ ದೂರು ಕೊಟ್ಟರೆ ಲೈನೇ ಕಡಿದುಹೋಗಬಹುದು. ಇಷ್ಟು ಜೋಪಾನ ಮಾಡಿದ ನಂಬರ್ ಹಾಗೆ ಹೋಗಬಾರದು. ಕರೆಗಳನ್ನು ರೆಕಾರ್ಡ್ ಮಾಡುವುದಿದ್ದರೆ ಅದನ್ನು ಮೊದಲೇ ಕೇಳಿಸಿಬಿಡಿ.

ಖರ್ಚಿನ ಲೆಕ್ಕದಲ್ಲಿ ಬಾಡಿಗೆಯೊಂದನ್ನೇ ನೋಡಬೇಡಿ. ಇಂಥ ವ್ಯವಸ್ಥೆಯಲ್ಲಿ ಬರುವ ಕರೆಗೂ ನಿಮಿಷದ ದರ ಇರಬಹುದು. ಟೋಲ್ ಫ್ರೀ ಎಂದರೆ ಗಿರಾಕಿಗೆ ಉಚಿತ, ದುಡ್ಡು ನಿಮ್ಮದು. ಕರೆ ಫಾರ್ವರ್ಡ್ ಆಗುವಾಗ ಆ ಭಾಗದ ಖರ್ಚು ಯಾರದೆಂದು ಕೇಳಿ. ಇದರ ಮೇಲೆ 18 ಶೇಕಡಾ ಜಿಎಸ್‌ಟಿ. 5 ಶೇಕಡಾ ದರದಲ್ಲಿ ಜಿಎಸ್‌ಟಿ ಕಟ್ಟುವ ಹೊಟೇಲು, ಕೇಟರಿಂಗ್‌ನವರಿಗೆ ಇನ್‌ಪುಟ್ ಕ್ರೆಡಿಟ್ ಸಿಗದ ಕಾರಣ ಅದೂ ಪೂರ್ತಿ ಕೈಯಿಂದಲೇ. ವರ್ಷದ ದುಡ್ಡು ಮುಂಗಡ ಕೊಟ್ಟರೆ ಎರಡು ತಿಂಗಳು ಉಚಿತ ಎಂಬಂಥ ಮಾತಿಗೆ ಮರುಳಾಗಬೇಡಿ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ.

ಕೊನೆಗೊಂದು ಮಾತು, ಕರೆ ಎತ್ತಿದಾಗ ಕೇಳುವ ದನಿಯ ಬಗ್ಗೆ. “ಕನ್ನಡಕ್ಕೆ ಒಂದು, ಮರಾಠಿಗೆ ಎರಡು, ಹಿಂದಿಗೆ ಮೂರು ಒತ್ತಿ” ಎಂದು ಹಾಕಿಸಬಹುದು, ತುಳುವಿನಲ್ಲಿಯೂ ಹೇಳಿಸಬಹುದು. ಆದರೆ ಅದು ಅಲ್ಲಿಗೇ ನಿಲ್ಲಲಿ. ಮನೆಯಲ್ಲಿ ಸಾವಾಗಿ ಉತ್ತರಕ್ರಿಯೆಯ ಊಟಕ್ಕೆಂದು ಫೋನ್ ಮಾಡಿದವರಿಗೆ ಎರಡು ನಿಮಿಷ ಮದುವೆ ಪ್ಯಾಕೇಜಿನ ಜಾಹೀರಾತು ಕೇಳಿಸಿದರೆ ಅವರು ಮತ್ತೆ ಕರೆ ಮಾಡುವುದಿಲ್ಲ. ಒಂದು ಗುಂಡಿ ಒತ್ತಿದ ಮೇಲೆ ಮನುಷ್ಯರ ದನಿ ಕೇಳಬೇಕು.

ಸೇಲ್ಸ್‌ನವರು ಬಂದಾಗ ಅವರ ಮುಂದೆ ಇಡಬೇಕಾದ ಪ್ರಶ್ನೆಗಳು ಇವು:

1. ನಂಬರ್ ಯಾರ ಹೆಸರಿನಲ್ಲಿರುತ್ತದೆ? ನಿಮ್ಮನ್ನು ಬಿಟ್ಟರೆ ಅದರ ಗತಿ ಏನು?
2. ನಿಮ್ಮ ಪರವಾನಗಿ ಯಾವುದು, ಅಥವಾ ಪರವಾನಗಿ ಇರುವ ಯಾವ ಟೆಲಿಕಾಂ ಕಂಪನಿಯ ಲೈನು ಬಳಸುತ್ತೀರಿ?
3. ಇಂಟರ್‌ನೆಟ್ ಬಿದ್ದರೆ ಕರೆ ಎಲ್ಲಿಗೆ ಹೋಗುತ್ತದೆ?
4. ಬರುವ, ಹೋಗುವ, ಫಾರ್ವರ್ಡ್ ಆಗುವ ಕರೆಗೆ ಪ್ರತ್ಯೇಕ ದರ ಎಷ್ಟು?
5. ಕರೆಗಳ ದಾಖಲೆ ಮತ್ತು ರೆಕಾರ್ಡಿಂಗನ್ನು ಬಿಡುವಾಗ ನಮಗೆ ಕೊಡುತ್ತೀರಾ?
6. ಭಾನುವಾರ ಲೈನ್ ಕೆಟ್ಟರೆ ಫೋನ್ ಎತ್ತುವವರು ಯಾರು?

ಉತ್ತರಗಳನ್ನು ಇಮೇಲಿನಲ್ಲಿ ಬರೆದು ಕಳಿಸಲು ಹೇಳಿ. ಆಮೇಲೆ ಎರಡು ವಾರ ಒಂದೇ ಜಾಗದಲ್ಲಿ ಹಾಕಿಸಿ ನೋಡಿ, ಅದರಲ್ಲಿ ಒಂದು ಮದುವೆ ಮುಹೂರ್ತದ ದಿನವೂ ಇರಲಿ. ಫೋನಿಗೆ ಬಿಡುವಿಲ್ಲದ ಆ ದಿನ ಒಂದು ಕರೆಯೂ ತಪ್ಪದಿದ್ದರೆ ಉಳಿದ ಕಡೆಗೂ ಹಾಕಿಸಬಹುದು.