2023ರ ಬೆಳ್ಳಿತೆರೆ: ನಾವು ಖಂಡಿಸಿದ್ದು ಯಾವುದನ್ನು, ನೋಡಿದ್ದು ಯಾವುದನ್ನು?

2025ರ ಆಗಸ್ಟ್ 1ರಂದು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ವಿಚಿತ್ರವಾದ ಪಟ್ಟಿಯೊಂದು ದೇಶದ ಮುಂದೆ ಬಂತು. 2023ನೇ ಸಾಲಿನ ಚಿತ್ರಗಳಿಗೆ ಸಂದ ಪ್ರಶಸ್ತಿಗಳಿವು. 'ಜವಾನ್' ಚಿತ್ರಕ್ಕಾಗಿ ಶಾರುಖ್ ಖಾನ್, 'ಟ್ವೆಲ್ತ್ ಫೇಲ್' ಚಿತ್ರದ ವಿಕ್ರಾಂತ್ ಮಾಸ್ಸಿ ಅವರೊಂದಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ಪಟ್ಟಿಯಲ್ಲಿ ಶ್ರೇಷ್ಠ ನಿರ್ದೇಶಕರಾಗಿ ಆಯ್ಕೆಯಾದವರು 'ದಿ ಕೇರಳ ಸ್ಟೋರಿ'ಯ ಸುದೀಪ್ತೊ ಸೇನ್. ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಇದನ್ನು ಕಟುವಾಗಿ ಖಂಡಿಸಿದರು. ನಮ್ಮ ಸಂಘಟನೆಗಳಿಂದಲೂ ಖಂಡನೆಗಳು ಬಂದವು. ಆ ಖಂಡನೆ ನ್ಯಾಯವಾದುದೇ. ಆದರೆ ಅದೇ ವರ್ಷದಲ್ಲಿ ನಾವು ಮೆಚ್ಚಿಕೊಂಡ ಚಿತ್ರ ಯಾವುದು, ಅದಕ್ಕಾಗಿ ನಾವು ಮಾಡಿದ್ದಾದರೂ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಸಿನಿಮಾವನ್ನು ಪ್ರೀತಿಯಿಂದ ನೋಡುವ ಸಾಮಾನ್ಯ ಪ್ರೇಕ್ಷಕನಾಗಿ ಆ ವರ್ಷವನ್ನು ಮತ್ತೊಮ್ಮೆ ತಿರುಗಿ ನೋಡುವುದಕ್ಕೆ ನನಗೆ ಇದೇ ಕಾರಣ.

ಮದ್ರಸದಲ್ಲಿ ಓದಿದವನಿಗೂ ಸಿನಿಮಾಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸುವವರಿದ್ದಾರೆ. ಸಂಬಂಧ ಇದೆ. ಒಂದು ಮಾತು ನಮ್ಮ ಕಿವಿಗೆ ಬಿದ್ದರೆ ಅದನ್ನು ಹೇಳಿದವನು ಯಾರು, ಅವನಿಗೆ ಅದನ್ನು ಹೇಳಿದವನು ಯಾರು, ಆ ಸರಪಳಿಯಲ್ಲಿ ಎಲ್ಲಿಯಾದರೂ ಕೊಂಡಿ ಕಳಚಿದೆಯೇ ಎಂದು ಪರಿಶೀಲಿಸುವ ಶಿಸ್ತನ್ನು ಮದ್ರಸ ಕಲಿಸುತ್ತದೆ. ಅದನ್ನು ಸನದ್ ಎನ್ನುತ್ತಾರೆ. ಬೆಳ್ಳಿತೆರೆಯ ಮೇಲೆ ಬರುವ ಮಾತಿಗೂ ಸನದ್ ಕೇಳುವ ಹಕ್ಕು ಪ್ರೇಕ್ಷಕನಿಗಿದೆ. ಹಾಗೆ ಕೇಳಬೇಕಾದರೆ ಮೊದಲು ಅವನು ಪ್ರೇಕ್ಷಕನಾಗಿರಬೇಕು.

ಕನ್ನಡದ ಮಟ್ಟಿಗೆ 2023 ತುಂಬ ನಿರೀಕ್ಷೆಗಳನ್ನು ಹೊತ್ತು ಬಂದ ವರ್ಷ. ಹಿಂದಿನ ವರ್ಷ 'ಕೆಜಿಎಫ್ 2' ಮತ್ತು 'ಕಾಂತಾರ' ದೇಶವೇ ಕನ್ನಡದತ್ತ ನೋಡುವಂತೆ ಮಾಡಿದ್ದವು. ಅದೇ ಜಾಡಿನಲ್ಲಿ ಮಾರ್ಚ್‌ನಲ್ಲಿ ಬಂದ 'ಕಬ್ಜ' ಹಣದಿಂದ ಅಬ್ಬರವನ್ನು ಕೊಳ್ಳಬಹುದು, ಕತೆಯನ್ನು ಕೊಳ್ಳಲಾಗದು ಎಂಬುದನ್ನು ತೋರಿಸಿಕೊಟ್ಟಿತು. ಮನಸ್ಸಿನಲ್ಲಿ ಉಳಿದ ಚಿತ್ರಗಳು ಬೇರೆಯೇ. ಹೊಸಬರ ತಂಡವೊಂದು ಜುಲೈಯಲ್ಲಿ ತಂದ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಚಿತ್ರಮಂದಿರಕ್ಕೆ ಯುವಕರನ್ನು ಮರಳಿ ಕರೆತಂದಿತು. ಅದೇ ತಿಂಗಳು ಸಿಂಧು ಶ್ರೀನಿವಾಸಮೂರ್ತಿ 'ಆಚಾರ್ ಅಂಡ್ ಕೋ' ಚಿತ್ರದಲ್ಲಿ ಹಳೆಯ ಬೆಂಗಳೂರಿನ ಒಂದು ಮನೆಯನ್ನು ಹೆಣ್ಣಿನ ಕಣ್ಣಿನಿಂದ ತೋರಿಸಿದರು. ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗಗಳಲ್ಲಿ ಬಂದು, ಬಡವನಿಗೆ ಜೈಲು ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದನ್ನು ಪ್ರೇಮಕತೆಯ ಒಳಗಿಟ್ಟು ಹೇಳಿತು. 'ಕ್ಷೇತ್ರಪತಿ' ಉತ್ತರ ಕರ್ನಾಟಕದ ರೈತನ ಸಂಕಟವನ್ನು ಅವನದೇ ಮಾತಿನಲ್ಲಿ ನುಡಿಯಿತು. ವರ್ಷದ ಕೊನೆಗೆ, ಡಿಸೆಂಬರ್ 29ರಂದು ಬಂದ 'ಕಾಟೇರ' ಗೇಣಿದಾರರ ಬವಣೆಯನ್ನೂ ಉಳುವವನಿಗೆ ಭೂಮಿ ಎಂಬ ಎಪ್ಪತ್ತರ ದಶಕದ ಹೋರಾಟವನ್ನೂ ಜನಪ್ರಿಯ ಚಿತ್ರದ ಚೌಕಟ್ಟಿಗೆ ತಂದಿತು. ಅದೇ ವರ್ಷ ಗಾಯಕಿ ವಾಣಿ ಜಯರಾಂ, ನಿರ್ದೇಶಕ ಎಸ್.ಕೆ. ಭಗವಾನ್ ಮತ್ತು ನಟಿ ಲೀಲಾವತಿ ನಮ್ಮನ್ನಗಲಿದರು. ಒಂದು ತಲೆಮಾರಿನ ಕನ್ನಡ ಕುಟುಂಬಗಳು ಒಟ್ಟಿಗೆ ಕೂತು ನೋಡಿದ, ಕೇಳಿದ ಲೋಕ ಅವರೊಂದಿಗೆ ಇನ್ನಷ್ಟು ದೂರ ಸರಿಯಿತು.

ಹಿಂದಿಯಲ್ಲಿ ವರ್ಷ ಆರಂಭವಾದದ್ದೇ ಬಹಿಷ್ಕಾರದ ಕರೆಯೊಂದಿಗೆ. ಹಾಡೊಂದರಲ್ಲಿ ನಾಯಕಿ ತೊಟ್ಟ ಉಡುಪಿನ ಬಣ್ಣವನ್ನೇ ವಿವಾದ ಮಾಡಿ 'ಪಠಾಣ್' ಚಿತ್ರವನ್ನು ತಡೆಯಲು ಯತ್ನಿಸಲಾಯಿತು. ಜನವರಿ 25ರಂದು ತೆರೆಕಂಡ ಆ ಚಿತ್ರದ ಒಟ್ಟು ಗಳಿಕೆ ಸಾವಿರ ಕೋಟಿ ರೂಪಾಯಿ ದಾಟಿತು. ಸೆಪ್ಟೆಂಬರ್‌ನ 'ಜವಾನ್' ಅದನ್ನೂ ಮೀರಿಸಿತು. ಬಹಿಷ್ಕಾರದ ಕೂಗಿಗೆ ಉತ್ತರ ಕೊಟ್ಟವರು ಟಿ.ವಿ. ಚರ್ಚೆಯ ವಾಗ್ಮಿಗಳಲ್ಲ. ಸಾಲಿನಲ್ಲಿ ನಿಂತು ಟಿಕೆಟ್ ಪಡೆದ ಎಲ್ಲ ಧರ್ಮಗಳ ಸಾಮಾನ್ಯ ಪ್ರೇಕ್ಷಕರು. ಹಾಗೆಂದು ಪ್ರೇಕ್ಷಕ ಯಾವಾಗಲೂ ವಿವೇಕಿ ಎಂದೇನಲ್ಲ. ಡಿಸೆಂಬರ್‌ನಲ್ಲಿ ಬಂದ 'ಅನಿಮಲ್' ಚಿತ್ರದ ಖಳನಾಯಕನಿಗೆ ಮುಸ್ಲಿಂ ಹೆಸರನ್ನೂ ಮೂವರು ಹೆಂಡಿರನ್ನೂ ಕೊಟ್ಟು ನಿರ್ದೇಶಕರು ಹಳೆಯ ಅಚ್ಚನ್ನೇ ಹೊಸ ಲೋಹದಲ್ಲಿ ಎರಕ ಹೊಯ್ದರು. ಅದಕ್ಕೂ ಜನ ಮುಗಿಬಿದ್ದರು.

ಆ ವರ್ಷದ ನಿಜವಾದ ಪಾಠ ಇರುವುದು ಮೇ ತಿಂಗಳಲ್ಲಿ. ಮೇ 5ರಂದು 'ದಿ ಕೇರಳ ಸ್ಟೋರಿ' ಬಿಡುಗಡೆಯಾಯಿತು. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಭಯೋತ್ಪಾದಕರ ಪಾಲಾದರು ಎಂದು ಅದರ ಟೀಸರ್ ಸಾರಿತ್ತು. ಮೇ 10ರಂದು ಕರ್ನಾಟಕದಲ್ಲಿ ವಿಧಾನಸಭೆಗೆ ಮತದಾನವಿತ್ತು. ಚಿತ್ರ ಬಿಡುಗಡೆಯಾದ ದಿನವೇ ಬಳ್ಳಾರಿಯ ಪ್ರಚಾರ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಪ್ರಸ್ತಾಪಿಸಿ, ವಿರೋಧಿಸುವವರನ್ನು ಟೀಕಿಸಿದರು. ಮಧ್ಯಪ್ರದೇಶ ಮತ್ತು ಉತ್ತರಪ್ರದೇಶ ಸರಕಾರಗಳು ಚಿತ್ರಕ್ಕೆ ತೆರಿಗೆ ವಿನಾಯಿತಿ ನೀಡಿದವು. ಪಶ್ಚಿಮ ಬಂಗಾಳ ಸರಕಾರ ನಿಷೇಧ ಹೇರಿತು. ಮೇ 18ರಂದು ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ನೀಡಿತು. ಜೊತೆಗೆ, 32,000 ಎಂಬ ಅಂಕಿಗೆ ಅಧಿಕೃತ ದಾಖಲೆಯಿಲ್ಲ, ಚಿತ್ರ ಕಲ್ಪಿತ ನಿರೂಪಣೆ ಎಂದು ತೆರೆಯ ಮೇಲೆಯೇ ತಿಳಿಸುವಂತೆ ಸೂಚಿಸಿತು. ಅಂದರೆ ಸನದ್ ಕೇಳಿದಾಗ ಸರಪಳಿಯ ಮೊದಲ ಕೊಂಡಿಯೇ ಇರಲಿಲ್ಲ. ಅಷ್ಟರಲ್ಲಿ ಸುಳ್ಳು ಊರೂರು ಸುತ್ತಿ ಬಂದಿತ್ತು.

ಅದೇ ಮೇ 5ರಂದು ಇನ್ನೊಂದು ಹಿಂದಿ ಚಿತ್ರವೂ ತೆರೆಕಂಡಿತು. ಸುಧೀರ್ ಮಿಶ್ರಾ ನಿರ್ದೇಶನದ 'ಅಫ್ವಾಹ್'. ಹೆಸರೇ ಹೇಳುವಂತೆ ಅದು ವದಂತಿಯ ಕತೆ. ದಾರಿಯಲ್ಲಿ ಹೆಣ್ಣೊಬ್ಬಳ ನೆರವಿಗೆ ಧಾವಿಸಿದ ಮುಸ್ಲಿಂ ವ್ಯಕ್ತಿಯ ಮೇಲೆ 'ಲವ್ ಜಿಹಾದ್' ಎಂಬ ಸುಳ್ಳು ಹೇಗೆ ಹಬ್ಬುತ್ತದೆ, ಅದನ್ನು ಹಬ್ಬಿಸುವ ಯಂತ್ರ ಹೇಗೆ ನಡೆಯುತ್ತದೆ ಎಂಬುದೇ ಅದರ ವಸ್ತು. ನವಾಝುದ್ದೀನ್ ಸಿದ್ದೀಕಿ ಆ ಪಾತ್ರ ವಹಿಸಿದ್ದರು. ಆ ಚಿತ್ರಕ್ಕೆ ದೇಶದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಪರದೆಗಳು. ಒಂದೇ ದಿನ ಸುಳ್ಳೂ ಬಂತು, ಸುಳ್ಳನ್ನು ಬಿಚ್ಚಿಡುವ ಚಿತ್ರವೂ ಬಂತು. ನಮ್ಮ ಮೊಬೈಲ್‌ಗಳಲ್ಲಿ ಹರಿದಾಡಿದ್ದು ಯಾವುದರ ಹೆಸರು?

ಎರಡು ವಾರಗಳ ಬಳಿಕ, ಮೇ 19ರಂದು ಕನ್ನಡದಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಕತೆ ಅದಕ್ಕೆ ಆಧಾರ. ಮಲೆನಾಡಿನ ಕಾಲೇಜಿನ ತರಗತಿಯೊಂದಕ್ಕೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಅವನನ್ನು ಕಂಡೇ ಅರಿಯದ ಸಹಪಾಠಿಗಳು ತಮ್ಮ ತಲೆಯೊಳಗೆ ಒಂದು ಮುಸ್ತಾಫಾನನ್ನು ಕಟ್ಟಿಕೊಂಡಿದ್ದಾರೆ. ನಿಜವಾದ ಮುಸ್ತಾಫಾ ಆ ಕಲ್ಪನೆಯನ್ನು ದಿನೇ ದಿನೇ ಮುರಿಯುತ್ತಾನೆ. ಜಗಳ, ತರಲೆ, ಕ್ರಿಕೆಟ್, ಕೊನೆಗೆ ಗೆಳೆತನ. ಇದರಲ್ಲಿ ಉಪದೇಶವಿಲ್ಲ, ಕಣ್ಣೀರಿಲ್ಲ. ಮುಸ್ತಾಫಾ ದೇವದೂತನೂ ಅಲ್ಲ, ಬಲಿಪಶುವೂ ಅಲ್ಲ. ಇತರರಂತೆ ಚೇಷ್ಟೆ ಬಲ್ಲ ಹುಡುಗ. ಹಿಜಾಬ್ ವಿವಾದದಿಂದ ಕಾಲೇಜುಗಳ ಅಂಗಳವೇ ಇಬ್ಭಾಗವಾದ 2022ರ ನೆನಪು ಹಸಿಯಾಗಿರುವಾಗ, ಕಾಲೇಜು ಅಂಗಳದ್ದೇ ಈ ಕತೆ ಬಂದದ್ದು ಸಣ್ಣ ಸಂಗತಿಯಲ್ಲ.

ಅದನ್ನು ನಿರ್ಮಿಸಿದವರು ಯಾರೆಂಬುದು ಇನ್ನೂ ಮುಖ್ಯ. ಯಾವ ದೊಡ್ಡ ಸಂಸ್ಥೆಯೂ ಅಲ್ಲ. ನಿರ್ದೇಶಕ ಶಶಾಂಕ್ ಸೋಗಾಲ್ ಅವರ ಬೆನ್ನಿಗೆ ನಿಂತವರು ತೇಜಸ್ವಿಯವರ ನೂರಕ್ಕೂ ಹೆಚ್ಚು ಓದುಗರು. ತಮ್ಮ ದುಡಿಮೆಯ ಹಣವನ್ನು ಕೂಡಿಸಿ, ತಾವು ಮೆಚ್ಚಿದ ಕತೆ ತೆರೆಗೆ ಬರಲೇಬೇಕೆಂದು ಹಠ ಹಿಡಿದವರು. ನಟ ಧನಂಜಯ ಚಿತ್ರವನ್ನು ಅರ್ಪಿಸಲು ಮುಂದೆ ಬಂದರು. ಬಿಡುಗಡೆಯ ನಂತರ ರಾಜ್ಯ ಸರಕಾರ ತೆರಿಗೆ ವಿನಾಯಿತಿ ನೀಡಿತು. ಮುಸ್ಲಿಂ ಹುಡುಗನೊಬ್ಬನ ಕತೆಗಾಗಿ ಕನ್ನಡದ ಓದುಗರು ಕಿಸೆಗೆ ಕೈ ಹಾಕಿದರು. ನಮ್ಮ ಪೈಕಿ ಎಷ್ಟು ಮಂದಿ ಟಿಕೆಟ್ಟಿಗಾಗಿ ಕೈ ಹಾಕಿದೆವು? ಆ ದಿನಗಳಲ್ಲಿ ಇಲ್ಲಿಯ ಚಹಾದಂಗಡಿಗಳಲ್ಲಿ, ಮದುವೆ ಮನೆಗಳಲ್ಲಿ ನಾನು ಕೇಳಿದ್ದೆಲ್ಲ 'ಕೇರಳ ಸ್ಟೋರಿ'ಯ ಮಾತೇ. ಮುಸ್ತಾಫಾನ ಹೆಸರೆತ್ತಿದರೆ ಹೆಚ್ಚಿನವರು 'ಅದು ಯಾವ ಪಿಕ್ಚರ್?' ಎಂದು ಮರುಪ್ರಶ್ನೆ ಹಾಕಿದರು. ನಮ್ಮನ್ನು ದ್ವೇಷಿಸುವ ಚಿತ್ರಕ್ಕೆ ಪುಕ್ಕಟೆ ಪ್ರಚಾರಕರಾದೆವು, ನಮ್ಮನ್ನು ಮನುಷ್ಯರಂತೆ ಕಂಡ ಚಿತ್ರಕ್ಕೆ ಅಪರಿಚಿತರಾಗಿ ಉಳಿದೆವು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನಮ್ಮನ್ನು ಹೊಗಳುವ ಚಿತ್ರಗಳನ್ನಷ್ಟೇ ಮೆಚ್ಚಬೇಕೇ? ಖಂಡಿತ ಅಲ್ಲ. ಬೊಳುವಾರು ಮಹಮದ್ ಕುಂಞಿಯವರ ಕತೆಯನ್ನು ಆಧರಿಸಿ ಪಿ. ಶೇಷಾದ್ರಿ 2000ದಲ್ಲಿ ತೆಗೆದ 'ಮುನ್ನುಡಿ' ನಿಕಾಹ್ ಮತ್ತು ತಲಾಕ್‌ಗಳ ದುರುಪಯೋಗವನ್ನು ಪ್ರಶ್ನಿಸಿತು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ' ಗಂಡನಿಂದ ಪರಿತ್ಯಕ್ತಳಾದ ಹೆಣ್ಣಿಗೆ ನ್ಯಾಯ ನೀಡದ ಜಮಾಅತ್ತನ್ನು ಕಟಕಟೆಗೆ ತಂದು ನಿಲ್ಲಿಸಿತು. ತಾರಾ ಅವರಿಗೆ ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಅದೇ ಬಾನು ಮುಷ್ತಾಕ್ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಅಭಿನಂದಿಸಿದೆವು. 'ಕೇರಳ ಸ್ಟೋರಿ'ಗಿಂತ ಹೆಚ್ಚು ಚುಚ್ಚುವ ಪ್ರಶ್ನೆಗಳನ್ನು 'ಹಸೀನಾ' ನಮಗೆ ಕೇಳಿದೆ. ವ್ಯತ್ಯಾಸವಿಷ್ಟೆ: ಅದರಲ್ಲಿ ಹೆಣ್ಣಿನ ನೋವು ನಿಜ. ಇದರಲ್ಲಿ ಅಂಕಿಯೇ ಸುಳ್ಳು. ಕಹಿಯಾದ ಸತ್ಯವನ್ನೂ ಸಿಹಿಯಾದ ಸುಳ್ಳನ್ನೂ ಬೇರ್ಪಡಿಸಲು ನಮಗೆ ಬರಬೇಕಾದರೆ ಸಿನಿಮಾ ನೋಡುವ ಕಣ್ಣು ಬೆಳೆಯಬೇಕು. ಸಿನಿಮಾ ನಮಗಲ್ಲ ಎಂದು ಸಭೆಯಲ್ಲಿ ಸಾರುವುದು, ಅದೇ ಹೊತ್ತಿಗೆ ಮನೆಯ ಮಕ್ಕಳು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತಿರುವುದು, ಈ ಇಬ್ಬಂದಿತನದಲ್ಲಿ ಆ ಕಣ್ಣು ಬೆಳೆಯುವುದಿಲ್ಲ.

ಕಲಬುರಗಿಯ ಮಟ್ಟಿಗೆ ಈ ಮಾತಿಗೆ ಇನ್ನೂ ತೂಕವಿದೆ. ನಾನು ಇದನ್ನು ಬರೆಯುತ್ತಿರುವುದು ಐವಾನ್-ಎ-ಶಾಹಿ ಪ್ರದೇಶದಿಂದ. ನಿಜಾಮರ ಕಾಲದ ಅತಿಥಿಗೃಹದ ಹೆಸರನ್ನೇ ಹೊತ್ತ ಜಾಗ. ಈ ಊರು ಬೆಳ್ಳಿತೆರೆಗೆ ಹೊರಗಿನದೇನೂ ಅಲ್ಲ. ಮುಂಬೈ ಚಿತ್ರರಂಗಕ್ಕೆ ಭಿತ್ತಿಚಿತ್ರಗಳನ್ನು ಬರೆದು ಹೆಸರಾದ ಕಲಾವಿದ ಎಸ್.ಎಂ. ಪಂಡಿತ್ ಇಲ್ಲಿಯವರೇ. ಆದರೆ ಇಲ್ಲಿಯ ಚರಿತ್ರೆಯನ್ನು ತೆರೆಗೆ ತರುವವರು ಯಾರು? 2023ರ ಸೆಪ್ಟೆಂಬರ್‌ನಲ್ಲಿ ತೆಲುಗು ಚಿತ್ರ 'ರಝಾಕಾರ್'ನ ಟೀಸರ್ ಬಂತು, 2024ರ ಮಾರ್ಚ್‌ನಲ್ಲಿ ಚಿತ್ರ ತೆರೆಕಂಡಿತು. ನಿರ್ಮಿಸಿದವರು ಬಿಜೆಪಿಯ ನಾಯಕರೊಬ್ಬರು. ರಝಾಕಾರರ ಕ್ರೌರ್ಯ ನಿಜ. ಅದನ್ನು ಮುಚ್ಚಿಡುವುದು ನಮಗೆ ಶೋಭೆಯಲ್ಲ. ಹೈದರಾಬಾದ್ ಸಂಸ್ಥಾನ ಭಾರತವನ್ನು ಸೇರಬೇಕೆಂದು ಬರೆದದ್ದಕ್ಕಾಗಿ ಉರ್ದು ಪತ್ರಿಕೆ 'ಇಮ್ರೋಝ್'ನ ಸಂಪಾದಕ ಶುಐಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಕೊಂದವರೂ ರಝಾಕಾರರೇ. ಪೊಲೀಸ್ ಕಾರ್ಯಾಚರಣೆಯ ಬಳಿಕ ನಡೆದ ಹಿಂಸೆಯಲ್ಲಿ ಕನಿಷ್ಠ 27,000ದಿಂದ 40,000 ಜನ ಸತ್ತರೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿದ್ದೂ, ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲ್ಬರ್ಗ ಒಂದಾಗಿದ್ದುದೂ ಅಷ್ಟೇ ನಿಜ. ಆ ವರದಿ ದಶಕಗಳ ಕಾಲ ಕತ್ತಲೆಯಲ್ಲಿತ್ತು. ಇಡೀ ಸತ್ಯವನ್ನು, ಎರಡೂ ಕಡೆಯ ಕಣ್ಣೀರನ್ನು ಹೇಳಬಲ್ಲ ಒಂದು ಚಿತ್ರ ಈ ನೆಲದಿಂದ ಬರಬೇಡವೇ? ಶುಐಬುಲ್ಲಾ ಖಾನರ ಹೆಸರು ನಮ್ಮ ಕಾಲೇಜು ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಅರ್ಧ ಸತ್ಯದ ಚಿತ್ರಕ್ಕೆ ಉತ್ತರ ಇಡೀ ಸತ್ಯದ ಚಿತ್ರವೇ ಹೊರತು ಮನವಿಪತ್ರವಲ್ಲ. ಅಂಥ ಚಿತ್ರ ಮಾಡಲು ಬರಹಗಾರರು ಬೇಕು, ಛಾಯಾಗ್ರಹಣ, ಸಂಕಲನ ಕಲಿತ ಹುಡುಗ ಹುಡುಗಿಯರು ಬೇಕು. ನಮ್ಮ ವಿದ್ಯಾರ್ಥಿವೇತನಗಳು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳ ಆಚೆಗೆ ಕಣ್ಣೆತ್ತಿ ನೋಡುವುದು ವಿರಳ. ಒಂದು ಶಾದಿಮಹಲ್ಲಿನ ಒಂದೇ ರಾತ್ರಿಯ ಅಲಂಕಾರ ಮತ್ತು ಊಟದ ವೆಚ್ಚದಲ್ಲಿ ಒಬ್ಬ ವಿದ್ಯಾರ್ಥಿ ಚಲನಚಿತ್ರ ಶಿಕ್ಷಣವನ್ನು ಮುಗಿಸಬಹುದು. ಅಷ್ಟು ಸಾಧ್ಯವಾಗದಿದ್ದರೆ ಸುಲಭದ ಕೆಲಸಗಳಿವೆ. ಒಳ್ಳೆಯ ಸಣ್ಣ ಚಿತ್ರ ಬಂದಾಗ ಮೊದಲ ವಾರದಲ್ಲೇ ಕುಟುಂಬ ಸಮೇತ ಹೋಗಿ ನೋಡಬಹುದು. ಅಂಥ ಚಿತ್ರಗಳ ಹಣೆಬರಹ ನಿರ್ಧಾರವಾಗುವುದು ಆ ವಾರದಲ್ಲೇ. ನಮ್ಮ ಕಾಲೇಜುಗಳ ಸಭಾಂಗಣಗಳಲ್ಲಿ 'ಹಸೀನಾ', 'ಮುಸ್ತಾಫಾ'ಗಳನ್ನು ಅನುಮತಿ ಪಡೆದು ತೋರಿಸಿ, ನೆರೆಯ ಹಿಂದೂ ಗೆಳೆಯರನ್ನೂ ಕರೆದು ಚರ್ಚಿಸಬಹುದು.

ಪ್ರಶಸ್ತಿಯ ಪಟ್ಟಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಯಾವ ಚಿತ್ರದ ಟಿಕೆಟ್ ಕೊಳ್ಳಬೇಕು, ಯಾವುದರ ಹೆಸರನ್ನು ನಾಲ್ಕು ಜನರಿಗೆ ಹೇಳಬೇಕು ಎಂಬುದು ನಮ್ಮ ಕೈಯಲ್ಲೇ ಇದೆ. ನೂರು ಜನ ಓದುಗರು ಸೇರಿ ಒಬ್ಬ ಮುಸ್ತಾಫಾನನ್ನು ತೆರೆಗೆ ತಂದರು. ಮುಂದಿನವನನ್ನು ತರುವ ನೂರು ಜನರಲ್ಲಿ ನಾವೂ ಕೆಲವರಾದರೂ ಇರಬೇಡವೇ?